ಹೇಳದೆ ಬಿಟ್ಟ ಸಾಲು

ಅರವತ್ತೆರಡರ ಅಕ್ಟೋಬರ್ ತಿಂಗಳಿಡೀ ಕಾಸರಕೋಡದ ಕಿರಿಸ್ತಾನರ ಕೇರಿಯಲ್ಲಿ ಮರಿಯಮ್ಮನ ಮೂರ್ತಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಒಂದು ದಿನ ಇಟ್ಟುಕೊಂಡ ಮನೆಯ ಹೆಂಗಸೇ ಮರುದಿನ ಸಂಜೆ ಅದನ್ನು ಪಕ್ಕದ ಮನೆಯವಳ ಕೈಗೆ ಕೊಡಬೇಕು. ಅಲ್ಲಿ ಮೊದಲ ಪ್ರಾರ್ಥನೆಯ ಅರ್ಧವನ್ನು ಆ ಮನೆಯವಳು ಹೇಳಿದರೆ ಉಳಿದರ್ಧವನ್ನು ತಂದವಳು ಹೇಳಿ ಮುಗಿಸಬೇಕು. ರೆಜಿನಾಳ ಪಕ್ಕದ ಮನೆ ನತಾಲಳದು.

ಹೋದ ವರ್ಷ ರೆಜಿನಾಳ ಗಂಡ ಇನಾಸನ ದೋಣಿ ಅಳಿವೆಯ ಬಾಯಲ್ಲಿ ಮಗುಚಿತ್ತು. ಅದು ಭಾನುವಾರ, ಇಗರ್ಜಿಯಲ್ಲಿ ಪೂಜೆಯ ದಿನ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ನತಾಲ, "ಪೂಜೆ ತಪ್ಪಿಸಿ ಬಲೆ ಬಿಡೂಕೆ ಹೋದ್ರೆ ದೇವ್ರು ಸುಮ್ನೆ ಬಿಡ್ತನಾ?" ಎಂದಿದ್ದಳು. ಆ ಮನೆಯಲ್ಲಿ ಅಕ್ಕಿ ಮುಗಿದಿತ್ತೆಂದು ಅವಳಿಗೆ ಗೊತ್ತಿತ್ತು. ಹಿಂದಿನ ದಿನ ಸೇರು ಅಕ್ಕಿ ಕೇಳಲು ರೆಜಿನಾ ಹೋದದ್ದು ಅವಳ ಬಾಗಿಲಿಗೇ.

ಅಂದಿನಿಂದ ಇಗರ್ಜಿಯಲ್ಲಿ ರೆಜಿನಾಗೆ ಕಾಣುತ್ತಿದ್ದದ್ದು ಮುಂದೆ ಕೂರುವ ನತಾಲಳ ಬೆನ್ನು ಮಾತ್ರ. ನತಾಲಳದು ದಿನಾ ಪರಮಪ್ರಸಾದ, ಶುಕ್ರವಾರ ಉಪವಾಸ, ತಪಸ್ಸುಕಾಲದಲ್ಲಿ ಮೊಣಕಾಲಲ್ಲೇ ಶಿಲುಬೆಯ ಹಾದಿ. ದೇವರ ಹತ್ತಿರ ಹೋಗುವುದೆಂದರೆ ಹೀಗಾಗುವುದಾದರೆ ತಾನು ದೂರವೇ ಇರುತ್ತೇನೆ ಎನಿಸುತ್ತಿತ್ತು ರೆಜಿನಾಗೆ. ಪಾಪನಿವೇದನೆಯಲ್ಲಿ ಸಿಟ್ಟಿನ ಬಗ್ಗೆ ಹೇಳಿದ್ದಳು. ಪಾದ್ರಿಗಳು ಒಂಬತ್ತು ದಿನದ ಪ್ರಾರ್ಥನೆ ಮಾಡೆಂದರು. ಮೂರು ಸಲ ಮಾಡಿದಳು. ಮೊಣಕಾಲು ಊದಿತು, ಸಿಟ್ಟು ಇಳಿಯಲಿಲ್ಲ.

ರೆಜಿನಾ ಮೂರ್ತಿಯನ್ನು ನತಾಲಳಿಗೆ ಕೊಡಬೇಕಾದ ಸಂಜೆ ಕೇರಿಯ ಹಿರಿಯ ಸಾಂತಾನ ಬಂದ. "ರೆಜಿನಬಾಯಿ, ನಿಂಗೆ ಕಷ್ಟ ಆದ್ರೆ ನಾ ಕೊಟ್ ಬತ್ತೆ."

"ಎಂತಕ್ಕೆ? ನನ್ನ ಕೈ ಬಿದ್ದೋಗಿದ್ಯಾ?"

ಮೂರ್ತಿಯನ್ನು ಎದೆಗೊತ್ತಿಕೊಂಡು ಹೊರಟಳು. ಹಿಂದೆ ಕೇರಿಯ ಹೆಂಗಸರು ಹಾಡುತ್ತ ಬಂದರು. ಹೊಸಿಲ ಪಕ್ಕ ಮೇಣದಬತ್ತಿ ಹಚ್ಚಿಟ್ಟು, ತಲೆ ತುಂಬ ಸೆರಗು ಹೊದ್ದು, ನತಾಲ ಎರಡೂ ಕೈ ಚಾಚಿದಳು. ರೆಜಿನಾ ಕೊಡಲಿಲ್ಲ.

"ಮೊದ್ಲು ಈ ತಾಯಿ ಎದುರಿಗೆ ಹೇಳು. ಇನಾಸ ಹೋಗೂ ಹಿಂದಿನ ದಿನ ನಾ ಎಂತ ಕೇಳೂಕೆ ಬಂದಿದ್ದೆ?"

ಹಾಡು ನಿಂತಿತು.

"ಈಗ್ಯಾಕೆ ಅದೆಲ್ಲ. ಒಳಗೆ ಬಾ."

"ಕೈ ಸೋತ್ರೂ ಇಲ್ಲೇ ನಿಂತಿರ್ತೆ."

ನತಾಲಳ ಕೈಗಳು ಕೆಳಗಿಳಿದವು. "ಅಕ್ಕಿ," ಎಂದಳು. ಸೆರಗನ್ನು ಹಣೆಗೆ ಎಳೆದುಕೊಂಡು, "ಇತ್ತು. ಇಲ್ಲ ಅಂದೆ."

ರೆಜಿನಾ ಮೂರ್ತಿ ಕೊಟ್ಟಳು.

ಒಳಗೆ ಎಲ್ಲರೂ ಮೊಣಕಾಲೂರಿದರು. ಪರಲೋಕದ ತಂದೆಯ ಪ್ರಾರ್ಥನೆಯ ಮೊದಲರ್ಧವನ್ನು ನತಾಲ ತಡವರಿಸುತ್ತ ಹೇಳಿದಳು. ದಿನದ ಅನ್ನ ಕೇಳುವ ಸಾಲನ್ನು ರೆಜಿನಾ ಗೋಡೆ ನಡುಗುವ ಹಾಗೆ ಹೇಳಿದಳು. ತಪ್ಪು ಮಾಡಿದವರನ್ನು ತಾವು ಕ್ಷಮಿಸುವಂತೆ ತಮ್ಮನ್ನೂ ಕ್ಷಮಿಸು ಎಂಬ ಸಾಲು ಬಂದಾಗ ಬಾಯಿ ಮುಚ್ಚಿಕೊಂಡಳು. ಹೆಂಗಸರು ತಲೆಯೆತ್ತಿ ನೋಡಿದರು.

"ವರ್ಷವಿಡೀ ನಿಂಗೆ ಸುಳ್ಳು ಹೇಳ್ದೆ," ಎಂದಳು ಮೂರ್ತಿಯ ಹಿಂದಿನ ಗೋಡೆಯ ಶಿಲುಬೆಗೆ. "ಇವತ್ತು ಹೇಳೂದಿಲ್ಲ." ಮುಂದಿನ ಸಾಲಿಗೆ ಹೋದಳು.

ಜಪ ಮುಗಿದ ಮೇಲೆ ನತಾಲ ಬೇಯಿಸಿದ ಕಡಲೆ ಹಂಚಿದಳು. ರೆಜಿನಾ ಕೈ ಚಾಚಲಿಲ್ಲ, ಎದ್ದು ಸೆರಗು ಕೊಡವಿದಳು.

"ನಾಳೆ ಜಪಕ್ಕೆ ಬತ್ಯಾ?" ಎಂದಳು ನತಾಲ, ನೆಲ ನೋಡುತ್ತ.

"ಬತ್ತೆ. ಆ ಸಾಲು ಬಂದಾಗ ನೋಡ್ವ."