ಬದುವಿನ ದೆವ್ವದ ಕೊನೆಯ ಪುಸ್ತಕ

ಬದುವಿನ ಜಗಳಕ್ಕೆ ಊರಲ್ಲಿ ಎರಡೇ ದಾರಿ: ಮಚ್ಚು, ಇಲ್ಲವೇ ಕೋರ್ಟು. ಮೊದಲನೆಯದಕ್ಕೆ ಜಯಪ್ರಕಾಶನಿಗೆ ತೋಳ್ಬಲವಿರಲಿಲ್ಲ, ಎರಡನೆಯದಕ್ಕೆ ಪುರುಸೊತ್ತಿರಲಿಲ್ಲ. ಮದ್ದೂರಿನ ಪಿಯು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿಕೊಂಡಿದ್ದ ಅವನು ಮೂರನೆಯ ದಾರಿ ಹಿಡಿದ. ಕಾದಂಬರಿ ಬರೆದ.

ಅವನ ದೊಡ್ಡಪ್ಪ ಚಿಕ್ಕಣ್ಣ ಬದುಕಿದ್ದಾಗ ಒಂದು ಮಳೆಗಾಲದಲ್ಲಿ ಎರಡು ಮನೆಯ ಗದ್ದೆಗಳ ನಡುವಿನ ಬಾಂದುಕಲ್ಲನ್ನು ಕಿತ್ತು ಇವರ ಕಡೆಗೆ ಸರಿಸಿ ನೆಟ್ಟಿದ್ದ. ಎರಡು ಸಾಲು ಕಬ್ಬಿನಷ್ಟು ಜಾಗ ಹೋಯಿತು. ಕೇಳಿದರೆ, "ಕಲ್ಲು ಇದ್ದಂಗೇ ಅದೆ ಕಣ್ಲಾ, ನಿನ್ ಕಣ್ಣೇ ಸರ್ಕೊಂಡದೆ" ಅಂದಿದ್ದ. ಅವನು ಸತ್ತ ವರ್ಷವೇ ಜಯಪ್ರಕಾಶ ಬರೆದ ಪತ್ತೇದಾರ ವಿಕ್ರಾಂತನ ಕತೆಗಳ ಮೊದಲ ಪುಸ್ತಕ ಬಂತು. ಅದರಲ್ಲೊಂದು ದೆವ್ವ, ಬಾಂದುಕಲ್ಲು ಹೊತ್ತು ಕಬ್ಬಿನ ಗದ್ದೆಯಲ್ಲಿ ಅಲೆಯುವಂಥದು. ಕೇಸು ಬೀಳಬಾರದೆಂದು ಹೆಸರನ್ನು ದೊಡ್ಡಣ್ಣ ಎಂದು ಬದಲಾಯಿಸಿದ್ದ. ಎಡಗಾಲಿನ ಕುಂಟನ್ನೂ ಮೂಗಿನ ಮೇಲಿನ ನರಹುಲಿಯನ್ನೂ ಹಾಗೇ ಬಿಟ್ಟಿದ್ದ.

ಆರು ಪುಸ್ತಕಗಳಲ್ಲಿ ವಿಕ್ರಾಂತ ಬೆನ್ನಟ್ಟಿದ, ಆರರಲ್ಲೂ ದೆವ್ವ ತಪ್ಪಿಸಿಕೊಂಡಿತು. ಇನ್ನು ಏಳನೆಯದೇ ಕೊನೆ. ಅದರಲ್ಲಿ ದೊಡ್ಡಪ್ಪನ ಮಾನ ಊರ ಮುಂದೆ ಹರಾಜಾಗಬೇಕು, ಅವನ ಮನೆಯವರು ನಾಚಿಕೊಂಡು ಆ ಎರಡು ಸಾಲು ಬಿಟ್ಟುಕೊಡಬೇಕು. ಜಯಪ್ರಕಾಶನಿಗೆ ಬೇಕಾದದ್ದು ಅಷ್ಟೇ. ಸಾಹಿತ್ಯ ಗೀಹಿತ್ಯವೆಲ್ಲ ಮುನ್ನುಡಿಗೆ.

ಪಿತೃಪಕ್ಷದಲ್ಲಿ ದೊಡ್ಡಪ್ಪನ ಮಗ ಮಹದೇವು ಮನೆ ಬಾಗಿಲಿಗೇ ಬಂದ. "ಅಪ್ಪಂಗೆ ಎಡೆ ಇಕ್ತಾ ಇದೀವಿ, ಬಾರ್ಲಾ ಜೇಪಿ. ನೀನಿಲ್ದೆ ಹೆಂಗ್ಲಾ?"

ನಾಚಿಕೆ ಶುರುವಾಗಿದೆ ಎಂದುಕೊಂಡ ಜಯಪ್ರಕಾಶ ಇಸ್ತ್ರಿ ಅಂಗಿ ತೊಟ್ಟು ಹೋದ.

ನಡುಮನೆಯಲ್ಲಿ ಚಿಕ್ಕಣ್ಣನ ಪಟ. ಅದರ ಮುಂದಿನ ಎಲೆಯಲ್ಲಿ ಮುದ್ದೆ, ಬಂಡೂರು ಕುರಿಯ ಸಾರು, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಆರೂ ಪುಸ್ತಕಗಳು, ಒಂದೊಂದಕ್ಕೂ ವಿಭೂತಿ, ಹೂವು. ಒಂದು ಲೋಟದಲ್ಲಿ ಕೆಂಪಗಿನ ನೀರು.

"ಅದೇನು ದೊಡ್ಡವ್ವ?"

"ಎಳನೀರ್ಗೆ ಕುಂಕುಮ ಕದಡಿವ್ನಿ ಕಣಪ್ಪ," ಎಂದಳು ಚಿಕ್ಕಣ್ಣನ ಹೆಂಡತಿ ಮಾಯಮ್ಮ. "ದೆವ್ವ ಎಳನೀರಲ್ಲಿ ರಕ್ತ ಬೆರ್ಸ್ಕಂಡು ಕುಡೀತದೆ ಅಂತ ನೀನೇ ಬರ್ದಿದ್ದೀಯಲ್ಲ. ರಕ್ತ ಎಲ್ಲಿಂದ ತರನ?"

"ದೊಡ್ಡಪ್ಪಂಗೆ ಎಳನೀರು ಕಂಡ್ರೇ ಆಯ್ತಿರ್ನಿಲ್ವಲ್ಲ!"

"ಬದ್ಕಿದ್ದಾಗ ಆಯ್ತಿರ್ನಿಲ್ಲ. ಸತ್ಮೇಲೆ ರುಚಿ ಬದ್ಲಾಗದೆ ಅಂತ ನಿನ್ ಪುಸ್ತಕದಿಂದ್ಲೇ ಗೊತ್ತಾಯ್ತು."

ಮಹದೇವು ಎದೆಯುಬ್ಬಿಸಿದ. "ಮಳವಳ್ಳಿ ಸಂತೇಲಿ ದೊಡ್ಡಣ್ಣನ ಮಗ ಅಂತ ಕರ್ದು ಟೀ ಕೊಡುಸ್ತಾರೆ ಕಣ್ಲಾ. ಅಪ್ಪ ಇದ್ದಾಗ ಒಬ್ನೂ ಮೂಸ್ನಿಲ್ಲ."

ಊಟಕ್ಕೆ ಕೂತಿದ್ದ ಜಯಪ್ರಕಾಶ ಮುರಿದ ಮುದ್ದೆಯನ್ನು ಎಲೆಗೇ ಹಾಕಿದ. "ಕೊನೇ ಪುಸ್ತಕದಲ್ಲಿ ದೆವ್ವನ ಸುಟ್ಟಾಕ್ತೀನಿ," ಎಂದ, ಎಲ್ಲರಿಗೂ ಕೇಳುವಂತೆ.

ಮಾಯಮ್ಮ ಎರಡೂ ಕೈ ಜೋಡಿಸಿದಳು. "ಸುಡಪ್ಪ. ನಿನ್ ಕೈಯಿಂದ್ಲಾದ್ರೂ ಮುಕ್ತಿ ಸಿಕ್ಲಿ."

"ಮುಕ್ತಿಯಲ್ಲ, ನರಕಕ್ಕೆ ಕಳಿಸ್ತೀನಿ!"

"ಅಲ್ಲೂ ಅಪ್ಪಂದೇ ನಡೀತದೆ ಬುಡು," ಎಂದ ಮಹದೇವು, ಎಲುಬು ಚೀಪುತ್ತ.

ಸುಟ್ಟರೆ ಮೋಕ್ಷ, ಬಿಟ್ಟರೆ ಕೀರ್ತಿ. ಜಯಪ್ರಕಾಶ ಎಷ್ಟೋ ದಿನ ಪೆನ್ನು ಮುಟ್ಟಲಿಲ್ಲ. ಕಡೆಗೆ ಕಾಲೇಜಿನಿಂದ ಬರುವ ಬಸ್ಸಿನಲ್ಲಿ ಹೊಳೆಯಿತು. ಪುಸ್ತಕ ನಂಬಿ ಎಳನೀರಿಗೆ ಕುಂಕುಮ ಕದಡುವ ಜನ, ಪುಸ್ತಕ ನಂಬಿ ಕಲ್ಲನ್ನೂ ಕೀಳಬೇಕಲ್ಲ!

ಹೀಗಾಗಿ ಕೊನೆಯ ಅಧ್ಯಾಯದಲ್ಲಿ ದೆವ್ವ ವಿಕ್ರಾಂತನ ಕಾಲಿಗೆ ಬಿದ್ದು ಗೋಳಾಡಿತು. ಕಲ್ಲು ಮೊದಲಿದ್ದ ಜಾಗಕ್ಕೆ ಹೋಗುವ ತನಕ ತನಗೆ ಅನ್ನವಿಲ್ಲ, ನೀರಿಲ್ಲ, ನೆಮ್ಮದಿಯಿಲ್ಲ ಎಂದಿತು. ಆ ಜಾಗವನ್ನು ಜಯಪ್ರಕಾಶ ಕಾಲುವೆ, ತೂಬು, ಹೊಂಗೆಮರಗಳ ಗುರುತು ಹಾಕಿ ಸರ್ವೆಯವನಿಗಿಂತ ಚೊಕ್ಕವಾಗಿ ಬರೆದ. ಮಂಡ್ಯದಲ್ಲಿ ಬಿಡುಗಡೆಯ ದಿನ ವಿಮರ್ಶಕರೊಬ್ಬರು ಆ ಹೊಂಗೆಮರವನ್ನು ನೆಲದ ನೆನಪಿನ ರೂಪಕವೆಂದು ಕೊಂಡಾಡಿದರು.

ಮುಂದಿನ ಸೋಮವಾರ ಬೆಳಿಗ್ಗೆ ಗದ್ದೆಯ ಕಡೆಯಿಂದ ತಮಟೆ ಕೇಳಿಸಿತು. ಜಯಪ್ರಕಾಶ ಓಡಿದ. ಮಹದೇವು ಬಾಂದುಕಲ್ಲನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ, ಹಿಂದೆ ಅರ್ಧ ಊರು. ಬರೆದ ಜಾಗದಲ್ಲೇ, ಒಂದು ಗೇಣೂ ಆಚೀಚೆ ಇಲ್ಲದೆ ನೆಟ್ಟರು. ಜಯಪ್ರಕಾಶನಿಗೆ ಕಣ್ಣು ತುಂಬಿ ಬಂತು. ಸಾಹಿತ್ಯದಿಂದ ಏನಾಗುತ್ತದೆ ಎನ್ನುವವರನ್ನು ಕರೆತಂದು ತೋರಿಸಬೇಕೆನ್ನಿಸಿತು.

ಅಷ್ಟರಲ್ಲಿ ಮಾಯಮ್ಮ ಕಲ್ಲಿಗೆ ಅರಿಶಿನ ಬಳಿದು ಬೆಳ್ಳಿಯ ಕಣ್ಣು ಅಂಟಿಸಿದಳು. ಯಾರೋ ಕೋಳಿ ಕುಯ್ದರು. ಆಮೇಲಿನ ವಾರ ಕೊಕ್ಕರೆ ಬೆಳ್ಳೂರಿನಿಂದ ಟೆಂಪೊ ಮಾಡಿಕೊಂಡು ಓದುಗರು ಬಂದರು. ಬಿಸಿಲೆಂದು ತಗಡಿನ ಶೀಟು ಹಾಕಿದರು, ಶೀಟಿಗೆ ಕಂಬ ಬೇಕಾಯಿತು, ಕಂಬಕ್ಕೆ ಕಟ್ಟೆ ಬೇಕಾಯಿತು. ಸ್ವಾಮಿ ಪೂರ್ವಕ್ಕೆ ಮುಖ ಮಾಡಬೇಕು, ಭಕ್ತರು ಎದುರು ನಿಲ್ಲಬೇಕು. ಪೂರ್ವಕ್ಕಿದ್ದದ್ದು ಜಯಪ್ರಕಾಶನ ಗದ್ದೆ.

"ಇದು ನನ್ ಜಮೀನು ಕಣ್ಲಾ ಮಹದೇವು!" ಎಂದು ಅವನು ಕೂಗಿಕೊಂಡ. "ಎರಡು ಸಾಲು ಕೊಟ್ಟು ಐದು ಸಾಲು ತುಳ್ದಿದ್ದೀರಲ್ಲೋ!"

"ನಿಂದಲ್ಲ ಅಂತ ಯಾವನಂದ?" ಎಂದ ಮಹದೇವು, ಜನರ ಸಾಲು ಸರಿಪಡಿಸುತ್ತ. "ನಿಂದು ಅಂತ್ಲೇ ನಿನ್ನ ಧರ್ಮದರ್ಶಿ ಮಾಡಿರದು. ಮಂಗಳಾರತಿ ಹೊತ್ತಾಯ್ತು, ಚಪ್ಲಿ ಆಚೆ ಬುಟ್ಟು ಬಾ."

ಹಿಂದೆ ನಿಂತ ಹೆಂಗಸೊಬ್ಬಳು ಬೇಗ ಬೇಗ ಎಂದು ಗದರಿದಳು. ಜಯಪ್ರಕಾಶ ಚಪ್ಪಲಿ ಬಿಟ್ಟು ತನ್ನ ಗದ್ದೆಯೊಳಕ್ಕೆ ಹೋದ.