ಮ್ಯಾನೇಜರು ಆರಿಸದ ದೀಪ

ಚಳಿ ಮುಗಿಯುತ್ತಿದ್ದ ಕಾಲ, ಬುಧವಾರ, ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು. ರೋಗಿಗಳ ನರಕ್ಕೆ ಏರಿಸುವ ಪೌಷ್ಟಿಕ ದ್ರವದ ಕಾರ್ಖಾನೆ ಅದು. ನಾನು ಸೀಸೆ ತೊಳೆಯುವವಳು. ನನ್ನ ಸೊಸೆ ಅಲ್ಲೇ, ಬಂದ ಮಾಲನ್ನು ಪರೀಕ್ಷಿಸುವವಳು.

ಅಂದು ಬಂದ ಪೀಪಾಯಿಯಲ್ಲಿ ಅಮೈನೊ ಆಮ್ಲದ ಬಿಳಿ ಪುಡಿ ಇತ್ತು. ಅದರಲ್ಲಿ ಎರಡು ಬಗೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಸೊಸೆ ಒಮ್ಮೆ ನನ್ನ ರಬ್ಬರ್ ಕೈಗವಸು ಹಿಡಿದು ತಿಳಿಸಿದ್ದಳು: "ಎಡಗೈದು ಬಲಗೈಗೆ ಕೂರುತ್ತಾ ಅತ್ತೆ? ಇದೂ ಹಾಗೇ. ಮೈಗೆ ಎಡದ್ದೇ ಬೇಕು."

ನೋಡಲು ಎರಡೂ ಒಂದೇ. ಗುರುತಿಸಲು ಅವಳು ಇಂಗಾಲದ ಚುಕ್ಕಿಗಳ ನೀರು ಬೆರೆಸುತ್ತಾಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳು. ಕತ್ತಲಲ್ಲಿ ನೇರಳೆ ದೀಪ ಹಿಡಿದರೆ ನೀಲಿಯಾಗಿ ಹೊಳೆಯುತ್ತವೆ. ಎಡದ ಪುಡಿ ಬಿದ್ದರೆ ಹೊಳಪು ಆರುತ್ತದೆ, ಬಲದ್ದಕ್ಕೆ ಜಪ್ಪಯ್ಯ ಅನ್ನುವುದಿಲ್ಲ.

ಹಳೇ ಮಾಲಿನ ಸೀಸೆ ಆರಿತು. ಹೊಸದು ಹೊಳೆಯುತ್ತಲೇ ಇತ್ತು.

"ಇದು ಬಲದ ಮಾಲು ಸಾರ್," ಎಂದು ಸೊಸೆ ಮ್ಯಾನೇಜರನ್ನು ಕರೆದಳು.

ಮ್ಯಾನೇಜರು ಬಂದವರೇ ಪರೀಕ್ಷೆ ಕೋಣೆಯ ದೊಡ್ಡ ದೀಪ ಹಾಕಿದರು. "ವ್ಯತ್ಯಾಸ ಎಲ್ಲಿದೆಯಮ್ಮಾ? ಎರಡೂ ನೀರೇ ಅಲ್ವಾ?"

"ದೀಪ ಆರಿಸಿ ನೋಡಿ ಸಾರ್."

"ಕತ್ತಲಲ್ಲಿ ನೋಡೋಕೆ ನಾನೇನು ಗೂಬೆನಾ?"

ಮೂಲೆಯಲ್ಲಿ ಸೀಸೆ ತೊಳೆಯುತ್ತಿದ್ದ ನಾನು ಮೊಣಕೈಯಿಂದ ದೀಪದ ಗುಂಡಿ ಒತ್ತಿದೆ. ಕೋಣೆ ಕಪ್ಪಾಯಿತು. ನೇರಳೆ ದೀಪದಡಿ ಒಂದು ಸೀಸೆ ಸತ್ತಂತಿತ್ತು, ಇನ್ನೊಂದು ಬೆಕ್ಕಿನ ಕಣ್ಣಿನಂತೆ ಉರಿಯುತ್ತಿತ್ತು.

"ಹೊಳೀತಿದೆ ಅಂದ್ರೆ ಒಳ್ಳೇದೇ ಬಿಡು."

"ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್. ಹೊಳೆದ್ರೆ ಕೆಟ್ಟದ್ದು, ನಿಮಗೂ ಗೊತ್ತು," ಎಂದಳು ಸೊಸೆ.

ಅವರು ಗಡಿಯಾರ ನೋಡಿದರು. "ಗೊತ್ತು. ಮಧ್ಯಾಹ್ನಕ್ಕೆ ಮಾಲು ಬೆರೆಸಬೇಕು. ಪಾಸಾಯ್ತು ಅಂತ ಮುದ್ರೆ ಒತ್ತು."

"ಒತ್ತಲ್ಲ."

"ಕೊಡು ಇಲ್ಲಿ, ನಾನೇ ಒತ್ತುತೀನಿ!"

ಕಾಣದೆ ಒತ್ತಿದ್ದರೆ ಸಹಿಸುತ್ತಿದ್ದೆನೇನೋ. ಕಂಡೂ ಒತ್ತುವುದೇ? ಹಾಸಿಗೆ ಹಿಡಿದವರ ರಕ್ತಕ್ಕೆ ಹೋಗುವ ಮಾಲು, ಬೇಡ ಅನ್ನಲು ಅವರಿಗೆ ಬಾಯೂ ಇರುವುದಿಲ್ಲ. ಸೀಸೆ ತೊಳೆದ ಸೋಪಿನ ನೀರಿನ ಬಕೆಟ್ ಎತ್ತಿ ಪೀಪಾಯಿಗೆ ಸುರಿದೆ.

"ಏ ಮುದುಕೀ! ಏನ್ಮಾಡ್ದೆ?"

"ಕೈ ಜಾರ್ತು ಅಂದ್ಕೊಳ್ಳಿ. ಬೇಡ, ಸುರಿದ್ಲು ಅಂತಾನೇ ಎಲ್ಲರಿಗೂ ಹೇಳಿ."

"ನಡಿ ಆಚೆ!"

ಸೊಸೆಯೂ ಏಪ್ರನ್ ಬಿಚ್ಚಲು ಹೋದಳು. ನಾನು ಅವಳ ಕೈ ಹಿಡಿದೆ. "ನೀನಿರು. ನಾಳೆ ಇನ್ನೊಂದು ಪೀಪಾಯಿ ಬರುತ್ತೆ. ದೀಪ ಆರಿಸೋರು ಒಬ್ರಾದ್ರೂ ಬೇಡ್ವೇನೇ?"

ಗುರುವಾರ ಅವಳು ಎಂದಿನಂತೆ ಪಾಳಿಗೆ ಹೋದಳು. ಕೆಲಸ ಬಿಟ್ಟು ಬಂದವಳು ನಾನು, ಆ ಬುಧವಾರವೇ, ಒದ್ದೆ ಕೈಗವಸಿನ ಸಮೇತ.