ಕೆಟ್ಟ ಮೋಟಾರಿನ ಹಿಡಿ

ನೊಣ ಮತ್ತೆ ಫೋಟೊದ ಮೇಲೆ ಕೂತಿತು, ಸರಿಯಾಗಿ ಆ ಕೈಯ ಮೇಲೆಯೇ, ಯಾರೋ ಕೆಂಪು ಶಾಯಿಯಲ್ಲಿ ಸುತ್ತು ಹಾಕಿರುವ ಜಾಗದಲ್ಲಿ, ಹಮ್ಮಾದಿ ಓಡಿಸಲಿಲ್ಲ, ಕೂರಲಿ, ಈ ಠಾಣೆಗೆ ಯಾರನ್ನೂ ಕೇಳದೆ ಬಂದು ಯಾರನ್ನೂ ಕೇಳದೆ ಹೋಗುವುದು ಅದೊಂದೇ — ಮೇಜಿನ ಆಚೆ ಲೊತ್ಫಿ ಎರಡೇ ಬೆರಳಲ್ಲಿ ಟೈಪು ಮಾಡುತ್ತಿದ್ದಾನೆ, ಕೋಳಿ ಕಾಳು ಹೆಕ್ಕಿದ ಹಾಗೆ, ಕರಾವಳಿ ಕಾವಲಿನ ಸಾಹೇಬ ಈಗ, ಹೆಗಲ ಮೇಲೆ ಎರಡು ನಕ್ಷತ್ರ, ಪಕ್ಕದ ಮನೆಯ ಈ ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿ ಜೆಟ್ಟಿಯಿಂದ ನೂಕಿ ಈಜು ಕಲಿಸಿದವನು ಯಾರು, ಅವತ್ತು ಹಗ್ಗ ಬಿಟ್ಟಿದ್ದರೆ ಆಗುತ್ತಿತ್ತು, ಛೆ, ಎಂಥ ಮಾತು, ಆದರೂ ಬಂತಲ್ಲ ಬಾಯಿಗೆ. ಇನ್ನೊಂದು ಸಾಲು ಅಷ್ಟೇ ಹಮ್ಮಾದಿ ಚಿಕ್ಕಪ್ಪ, ಕಾಫಿ ತರಿಸ್ಲಾ, ಅಂದ ಲೊತ್ಫಿ. ಬೇಡ, ನಿನ್ನ ಕಾಫಿ ನೀನೇ ಕುಡಿ. ಸಹಿ ಹಾಕಬೇಕಾದ ಸಾಲು ಎದುರಿಗೇ ಇದೆ, ನಾನು ನೋಡಿದಾಗ ಮೋಟಾರಿನ ಹಿಡಿ ಹಿಡಿದಿದ್ದವನು ಫೋಟೊದಲ್ಲಿರುವ ಇವನೇ, ಅಷ್ಟೇ ಸಾಲು, ಅದರ ಮೇಲೆ ಸ್ಫಾಕ್ಸ್ ಪಟ್ಟಣದ ನ್ಯಾಯಾಧೀಶರು ಹತ್ತು ವರ್ಷ ಬರೆಯುತ್ತಾರೆ, ದೋಣಿ ಓಡಿಸಿ ಜನ ಸಾಗಿಸಿದವನೆಂದು. ಸುಳ್ಳಿದ್ರೆ ಹೇಳಿ ಚಿಕ್ಕಪ್ಪ, ಒಂದಕ್ಷರ ಸುಳ್ಳಿದ್ರೂ ಅಳಿಸ್ತೀನಿ. ಸುಳ್ಳಿಲ್ಲ, ಅದೇ ಹೊಟ್ಟೆ ಉರಿಯುವುದು, ಒಂದಕ್ಷರವೂ ಸುಳ್ಳಿಲ್ಲ.

ಮಂಗಳವಾರ ಬೆಳಿಗ್ಗೆ ಹಮ್ಮಾದಿ ಸಮುದ್ರದಲ್ಲಿ ಹಗ್ಗ ಎಳೆಯುತ್ತಿದ್ದ, ಹಗ್ಗದುದ್ದಕ್ಕೂ ಕಟ್ಟಿದ ಮಣ್ಣಿನ ಕೊಡಗಳು, ಆಕ್ಟೋಪಸ್ ಹಿಡಿಯಲು ಈ ದ್ವೀಪದಲ್ಲಿ ಬೇರೇನೂ ಬೇಡ, ಆಮಿಷವಿಲ್ಲ, ಮುಚ್ಚಳವಿಲ್ಲ, ಕತ್ತಲಿನ ತೂತು ಕಂಡರೆ ಮನೆಯೆಂದುಕೊಂಡು ಅದೇ ಒಳಗೆ ಹೋಗುತ್ತದೆ, ಮೇಲಕ್ಕೆ ಎಳೆದರೂ ಹೊರಗೆ ಬರುವುದಿಲ್ಲ — ಹನ್ನೊಂದನೇ ಕೊಡ ಎತ್ತುವಾಗ ಆ ದೋಣಿ ಕಂಡಿತ್ತು, ತಗಡಿನ ದೋಣಿ, ಮೋಟಾರು ಕೆಟ್ಟು ಎರಡು ದಿನ, ಕದ್ದು ಸಮುದ್ರ ದಾಟಲು ಹೊರಟಿದ್ದ ಮೂವತ್ತೈದು ಜನ ಬೊಗಸೆಯಲ್ಲಿ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಕೊಡಗಳನ್ನೆಲ್ಲ ಕತ್ತರಿಸಿ ಸಮುದ್ರಕ್ಕೆ ಬಿಟ್ಟ, ಆ ದೋಣಿಯನ್ನು ಕಟ್ಟಿ ಎಳೆದು ತರಲು ಹಗ್ಗ ಬೇಕಿತ್ತು. ಎಳೆಸಿಕೊಂಡು ಬರುವ ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿಗೆ ಒಂದು ಕೈ ಇರಲೇಬೇಕು, ಅಪ್ಪ ಹೇಳಿಕೊಟ್ಟದ್ದು, ದ್ವೀಪದವರಿಗೆಲ್ಲ ಗೊತ್ತಿರುವುದು, ಇಲ್ಲದಿದ್ದರೆ ಅದು ಕುಡುಕನಂತೆ ಓಲಾಡಿ ಮಗುಚುತ್ತದೆ, ಅದಕ್ಕೇ ತಾನೇ ಆ ದೋಣಿಗೆ ಹತ್ತಿ ಎಲ್ಲರ ಕೈಗಳನ್ನೂ ನೋಡಿದ್ದು, ನಡುಗದಿದ್ದ ಕೈ ಒಂದೇ, ಗಡ್ಡ ನರೆತಿದ್ದ ಮನುಷ್ಯ, ಹೆಬ್ಬೆರಳಿಗೆ ನೀಲಿ ದಾರ ಸುತ್ತಿಕೊಂಡಿದ್ದ, ಹೆಂಡತಿ ಕಟ್ಟಿದ್ದೋ ಮಗಳು ಕಟ್ಟಿದ್ದೋ, ಆ ಕೈಯನ್ನು ಕೆಟ್ಟ ಮೋಟಾರಿನ ಹಿಡಿಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಅರ್ಧ ಫ್ರೆಂಚಿನಲ್ಲಿ ಅರ್ಧ ಸನ್ನೆಯಲ್ಲಿ ಹೇಳಿದ್ದ, ಹೀಗೆ, ನೇರಕ್ಕೆ, ಏನೇ ಆದ್ರೂ ಬಿಡ್ಬೇಡ. ಅವನ ಹೆಸರು ಸೂಮೈಲ ಎಂದು ಗೊತ್ತಾದದ್ದು ಈಗ, ಈ ಕಾಗದದಲ್ಲಿ ಓದಿ.

ಯಾರೋ ಒಬ್ಬ ಓಡಿಸಿರ್ಬೇಕಲ್ಲ ಚಿಕ್ಕಪ್ಪ, ದೋಣಿ ತಾನಾಗೇ ಹೊರಡುತ್ತಾ. ಓಡಿಸಿದವನು ಅರ್ಧ ದಾರಿಯಲ್ಲಿ ಬೇರೆ ದೋಣಿ ಹತ್ತಿ ವಾಪಸು ಬಂದ, ದೋಣಿಯಲ್ಲಿದ್ದವರೆಲ್ಲ ಬಾಯಿ ಬಡಿದುಕೊಂಡು ಹೇಳಲಿಲ್ಲವೇ, ದೋಣಿ ಮಾರಿದವನು ಎದುರಿನ ಹೋಟೆಲಲ್ಲಿ ಈಗಲೂ ಕೂತಿದ್ದಾನೆ, ಕಿಟಕಿಯಿಂದ ಅವನ ಬಿಳಿ ಕಾರು ಕಾಣುತ್ತದೆ, ಬೆಳಿಗ್ಗೆ ಅವನಿಗೆ ತಲೆ ಬಗ್ಗಿಸಿಯೇ ನೀನು ಒಳಗೆ ಬಂದದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟುನೀಸಿಯದ ಗಡಿ ಅಂದ್ರೆ ಮನೆ ಬಾಗ್ಲಿದ್ದ ಹಾಗೆ, ಯಾರ್ ಬಂದ್ರು ಯಾರ್ ಹೋದ್ರು ಗೊತ್ತಾಗ್ದಿದ್ರೆ ನಾಳೆ ಬಂದೂಕೂ ಬರುತ್ತೆ, ಅಗುಳಿ ಹಾಕ್ದೆ ನೀವು ಮಲಗ್ತೀರಾ, ಅಂದ ಲೊತ್ಫಿ. ಇಲ್ಲ, ಮಲಗುವುದಿಲ್ಲ, ಮಾತು ಸರಿಯಾಗಿದೆ ಎಂದೇ ಸಿಟ್ಟು ನೆತ್ತಿಗೇರುತ್ತದೆ, ನಿನ್ನ ಅಣ್ಣ ಮುನೀರ್ ಇದೇ ಜೆಟ್ಟಿಯಿಂದ ಗುರುತಿನ ಚೀಟಿ ಸುಟ್ಟು ಹಾಕಿ ಕದ್ದು ದೋಣಿ ಹತ್ತಿದಾಗ ಯಾವ ಬಾಗಿಲು ತಟ್ಟಿದ್ದ, ಸಮುದ್ರದಾಚೆಯ ಪಲೆರ್ಮೊದಿಂದ ಅವನು ಕಳಿಸಿದ ಬೂಟು ನಿನ್ನ ಕಾಲಲ್ಲೇ ಇದೆಯಲ್ಲೋ. ಮನೆಯಲ್ಲಿ ಹೆಂಡತಿ ನಜೀಬಾ ಬೇರೆ, ಸುಮ್ನೆ ಸಹಿ ಹಾಕಿ ಬನ್ನಿ, ನಮ್ಗೂ ಅವ್ರಿಗೂ ಏನು, ಮೀನು ಹಿಡಿಯೋ ಪರವಾನಗಿ ಕಿತ್ಕೊಂಡ್ರೆ ತಿನ್ನೋದೇನು ಅಂದಿದ್ದಳು, ಅನ್ನುವಾಗ ಅವಳೂ ಮುಖ ಆಚೆ ತಿರುಗಿಸಿಕೊಂಡಿದ್ದಳು. ಬರಿ, ಅಂದ ಹಮ್ಮಾದಿ, ಆ ಹಿಡಿ ಹಿಡಿಸಿದ್ದು ನಾನು ಅಂತ ಬರಿ. ಟೈಪು ನಿಂತಿತು. ಲೊತ್ಫಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ, ಹಾಗ್ ಬರೆದ್ರೆ ನೀವೂ ಅವನ ಜೊತೆ ಒಳಗೆ ಹೋಗ್ತೀರ ಚಿಕ್ಕಪ್ಪ, ನೀವು ಮುಂದೆ ನಿಮ್ಮ ದೋಣೀಲಿದ್ರಿ, ನೋಡ್ಲಿಲ್ಲ, ನಾವು ಕಾವಲು ದೋಣೀಲಿ ಬಂದು ಕೈ ಎತ್ತಿ ಅಂದಾಗ ಮೂವತ್ನಾಲ್ಕು ಜನ ಎತ್ತಿದ್ರು, ಇವನೊಬ್ನೇ ಎತ್ಲಿಲ್ಲ, ಮೂರು ಸಲ ಕೂಗಿದ್ವಿ, ಬಂದೂಕು ಹಿಡಿದ್ವಿ, ಆಗ್ಲೂ ಮೋಟಾರು ಬಿಡ್ಲಿಲ್ಲ, ಓಡಿಸ್ದವ್ನಲ್ದಿದ್ರೆ ಯಾಕ್ ಬಿಡಲ್ಲ ನೀವೇ ಹೇಳಿ. ಹಮ್ಮಾದಿ ಕೈ ಬೀಸಿ ನೊಣವನ್ನು ಓಡಿಸಿದ, ಕೆಂಪು ಸುತ್ತಿನ ಒಳಗೆ ಕೈ, ಹೆಬ್ಬೆರಳಿಗೆ ನೀಲಿ ದಾರ, ಸುತ್ತ ಮೇಲೆದ್ದ ಕೈಗಳು, ಕೆಳಗೆ ಇದೊಂದೇ, ನಾಲ್ಕು ಬೆರಳು ತಾನು ಮಡಚಿಟ್ಟ ಹಾಗೇ ಇವೆ, ಏನೇ ಆದ್ರೂ ಬಿಡ್ಬೇಡ, ನೀಲಿ ದಾರ, ಬಿಡ್ಬೇಡ, ಆ ಕೈ, ಬಿಟ್ಟಿಲ್ಲ